ಟೂಲ್ ಬರೆಯುವ ಫೈಲ್‌ಗೆ ಗಾತ್ರದ ಮಿತಿ: ನಿಲ್ಲಿಸಬೇಕಾ, ಕತ್ತರಿಸಬೇಕಾ, ತುಂಡು ಮಾಡಬೇಕಾ?

"ಅಕ್ಕಾ, ಬರೇ ಹದಿನಾಲ್ಕು ಲೈನ್ ಐತ್ರಿ. ಅಪ್ರೂವ್ ಮಾಡಿಬಿಡ್ರಲಾ."

ಹೀಗೆ ಕೇಳಿದವನು ವಿಜಯಪುರದ ಹುಡುಗ, ಕೆಲಸ ಹಿಂಜವಡಿಯಲ್ಲಿ. ಭಾನುವಾರ ಬೆಳಿಗ್ಗೆ ನಾವು ಏಳೆಂಟು ಜನ ಕನ್ನಡದವರು ಪುಣೆಯ ಎರಂಡವಣೆಯಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಬಾಣೇರ್‌ನಿಂದ, ಕೋಥ್ರೂಡ್‌ನಿಂದ, ಅಷ್ಟು ದೂರದ ಖರಾಡಿಯಿಂದಲೂ ಬರುತ್ತಾರೆ. ಎಲ್ಲರೂ ಸೇರಿ ಒಂದು ಸಣ್ಣ ಟೂಲ್ ಬೆಳೆಸುತ್ತಿದ್ದೇವೆ. ಶೀಟ್‌ನಲ್ಲಿ ಕನ್ನಡ ಅಥವಾ ಮರಾಠಿ ಡೇಟಾ ಕೊಡಿ, ಒಂದು ಟೆಂಪ್ಲೇಟ್ ಕೊಡಿ. ಅದು ನಿಮಗೆ ಬೇಕಾದ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾಲುಗಳ ಪಟ್ಟಿ), ಜೇಸನ್ (ಬ್ರ್ಯಾಕೆಟ್‌ಗಳ ಒಳಗೆ ಡೇಟಾ ಬರೆಯುವ ಮಾದರಿ), ವೆಬ್ ಪುಟಗಳನ್ನು ಬರೆದುಕೊಡುತ್ತದೆ.

ಆ ಹದಿನಾಲ್ಕು ಲೈನ್ ಬಂದದ್ದು ಫೈಲ್ ತೀರಾ ದೊಡ್ಡದಾಗದಂತೆ ಮಿತಿ ಹಾಕೋಕೆ. ಅದರ ರಿವ್ಯೂಗೆ, ಅಂದರೆ ಟೂಲ್‌ಗೆ ಸೇರಿಸುವ ಮೊದಲು ಓದಿ ಪರಿಶೀಲಿಸೋಕೆ, ನನಗೆ ಎರಡು ತಾಸು ಹಿಡಿಯಿತು. ಆಮೇಲೆ ಇದೇ ಪ್ರಶ್ನೆಯನ್ನು ಇನ್ನೂ ಮೂರ್ನಾಲ್ಕು ಜನ ಕೇಳಿದರು. "ನಮ್ಮ ಟೂಲ್‌ನಲ್ಲೂ ಲಿಮಿಟ್ ಹಾಕಬೇಕು. ಎರರ್ ಕೊಟ್ಟು ನಿಲ್ಲಿಸೋದಾ, ಅಷ್ಟಕ್ಕೇ ಕತ್ತರಿಸೋದಾ, ಫೈಲ್ ಒಡೆಯೋದಾ, ಜಿಪ್ ಮಾಡೋದಾ?" ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಂಥ ಕೋಡ್ ರಿವ್ಯೂಗೆ ಬಂದರೆ ಎಲ್ಲರೂ ಚರ್ಚೆ ಮಾಡೋದು ಅಂಕಿಯ ಬಗ್ಗೆ. 10 ಎಂಬಿ ಸಾಕಾ, 50 ಬೇಕಾ ಅಂತ. ನನಗೆ ಅಂಕಿಗಿಂತ ಮುಖ್ಯ ಅನ್ನಿಸುವುದು ಬೇರೆ: ಮಿತಿ ಮುಟ್ಟಿದ ಆ ಕ್ಷಣದಲ್ಲಿ ಟೂಲ್ ಏನು ಮಾಡುತ್ತದೆ, ಮತ್ತು ಅದನ್ನು ಓಡಿಸಿದವರಿಗೆ ಅದು ಗೊತ್ತಾಗುತ್ತದಾ? ಅಂಕಿಯನ್ನು ನಾಳೆ ಬದಲಿಸಬಹುದು. ಸದ್ದಿಲ್ಲದೆ ಹೋದ ಡೇಟಾ ಮತ್ತೆ ಸಿಗೋದಿಲ್ಲ.

ಯಾವ ಅಳತೆಗೋಲಿನಲ್ಲಿ ನೋಡಬೇಕು

ಮೊದಲನೆಯದು, ಫೈಲ್ ಎಲ್ಲಿಗೆ ಹೋಗುತ್ತದೆ? ಮಿತಿಯನ್ನು ನಾವು ಊಹಿಸಬೇಕಿಲ್ಲ, ಫೈಲ್ ಹೋಗಿ ಸೇರುವ ಜಾಗವೇ ಹೇಳುತ್ತದೆ. ಕೋಡ್ ಇಡುವ ತಾಣ ಗಿಟ್‌ಹಬ್‌ಗೆ ಪುಶ್ ಮಾಡುವ, ಅಂದರೆ ಕಳಿಸುವ, ಫೈಲ್ 50 ಎಂಬಿ ದಾಟಿದರೆ ಎಚ್ಚರಿಕೆ ಬರುತ್ತದೆ, 100 ದಾಟಿದರೆ ಪುಶ್ಶೇ ಆಗೋದಿಲ್ಲ. ಜಿಮೇಲ್‌ನಲ್ಲಿ 25 ಎಂಬಿ ಅಂತ ಬರೆದಿರುತ್ತದೆ. ಆದರೆ ಅಟ್ಯಾಚ್ಮೆಂಟ್ ಕಳಿಸುವಾಗ ಮೂರು ಬೈಟ್ ನಾಲ್ಕಾಗುವುದರಿಂದ, ಮೂಲ ಫೈಲ್ 18 ಎಂಬಿ ಒಳಗಿದ್ದರೆ ಕ್ಷೇಮ. ಎಕ್ಸೆಲ್‌ನ ಒಂದು ಶೀಟ್‌ಗೆ 10,48,576 ಸಾಲು, ಒಂದು ಸೆಲ್‌ಗೆ 32,767 ಅಕ್ಷರ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್ ಲ್ಯಾಂಬ್ಡಾದಿಂದ, ಸ್ಟ್ರೀಮ್ ಮಾಡದೆ ಒಂದೇ ಸಲಕ್ಕೆ ನೇರವಾಗಿ ಉತ್ತರ ಕೊಡುವುದಾದರೆ 6 ಎಂಬಿ.

ಎರಡನೆಯದು, ಅರ್ಧ ಫೈಲ್‌ನಿಂದ ಉಪಯೋಗ ಇದೆಯಾ? ಲಾಗ್ (ಟೂಲ್ ಏನೇನು ಮಾಡಿತು ಅನ್ನುವ ದಾಖಲೆ) ಆದರೆ ಅರ್ಧ ಸಿಕ್ಕರೂ ಓದಬಹುದು. ಜೇಸನ್ ಅರ್ಧ ಆದರೆ ಕೊನೆಯ ಬ್ರ್ಯಾಕೆಟ್ ಇಲ್ಲದೆ ತೆರೆಯುವುದೇ ಇಲ್ಲ. ಅದು ಎಷ್ಟೋ ವಾಸಿ, ತಪ್ಪು ಕೂಡಲೇ ಕಾಣುತ್ತದೆ. ಸಿಎಸ್‌ವಿ ಹಾಗಲ್ಲ. ಅರ್ಧ ಸಿಎಸ್‌ವಿ ಕೂಡ ಪೂರ್ತಿ ಸಿಎಸ್‌ವಿ ಥರವೇ ಚೆನ್ನಾಗಿ ತೆರೆದುಕೊಳ್ಳುತ್ತದೆ. ಅದಕ್ಕೇ ಅದು ಜಾಸ್ತಿ ಅಪಾಯ.

ಮೂರನೆಯದು, ಎದುರಿಗೆ ಮನುಷ್ಯ ಇದ್ದಾನಾ? ಕೈಯಲ್ಲಿ ಓಡಿಸುವ ಟೂಲ್ ಆದರೆ ಪರದೆ ಮೇಲಿನ ಸಾಲನ್ನು ಯಾರಾದರೂ ಓದುತ್ತಾರೆ. ರಾತ್ರಿ 2 ಗಂಟೆಗೆ ತಾನಾಗಿ ಓಡುವ ಬಿಲ್ಡ್ (ಕೋಡ್‌ನಿಂದ ಎಲ್ಲವನ್ನೂ ತಯಾರಿಸುವ ಕೆಲಸ) ಆದರೆ ಎಕ್ಸಿಟ್ ಕೋಡ್ ಒಂದೇ ಗತಿ, ಅಂದರೆ ಟೂಲ್ ಮುಗಿಯುವಾಗ ಬಿಟ್ಟುಹೋಗುವ ಅಂಕಿ: ಸೊನ್ನೆ ಅಂದರೆ ಯಶಸ್ವಿ, ಬೇರೆ ಏನಾದರೂ ಅಂದರೆ ತಪ್ಪಾಗಿದೆ.

ನಾಲ್ಕನೆಯದು ಬಜೆಟ್. ದುಡ್ಡಷ್ಟೇ ಅಲ್ಲ, ನಿಮ್ಮ ಹತ್ತಿರ ಇರುವ ದಿನಗಳೂ ಬಜೆಟ್ಟೇ. ಇಬ್ಬರೇ ಇರುವ ತಂಡಕ್ಕೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ದಾರಿಗೂ ಎರಡು ವಾರ ಬೇಕಾಗುವ ದಾರಿಗೂ ಅಜಗಜಾಂತರ.

ಲೆಕ್ಕ ಬೈಟ್‌ನಲ್ಲಾ, ಅಕ್ಷರದಲ್ಲಾ?

ಇದನ್ನು ಬೇರೆಯಾಗಿ ಹೇಳಲೇಬೇಕು, ಯಾಕಂದ್ರೆ ಹುಡುಗನ ಕೋಡ್‌ನಲ್ಲಿ ತಪ್ಪಿದ್ದು ಇಲ್ಲೇ. ಜಾವಾಸ್ಕ್ರಿಪ್ಟ್‌ನಲ್ಲಿ ಅವನು ಪಠ್ಯದ ಲೆಂಗ್ತ್ ತೆಗೆದು, ಅದು ಮಿತಿಗಿಂತ ದೊಡ್ಡದಾ ಅಂತ ನೋಡಿದ್ದ. ಇಂಗ್ಲಿಷ್ ಪಠ್ಯದಲ್ಲಿ ಟೆಸ್ಟ್ ಪಾಸ್ ಆಗಿತ್ತು. ಆಗಲೇಬೇಕು, ಇಂಗ್ಲಿಷ್‌ನ ಒಂದು ಅಕ್ಷರ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಒಂದೇ ಬೈಟ್. ಕನ್ನಡದ್ದು ಮೂರು. ಮರಾಠಿ ಬರೆಯುವ ದೇವನಾಗರಿಯದೂ ಮೂರು.

ಅವನ ಎದುರೇ "ಕನ್ನಡ" ಅಂತ ಟೈಪ್ ಮಾಡಿ ತೋರಿಸಿದೆ. ನಮ್ಮ ಕಣ್ಣಿಗೆ ಮೂರು ಅಕ್ಷರ. ಲೆಂಗ್ತ್ ಕೊಟ್ಟಿದ್ದು 5, ಯಾಕಂದ್ರೆ ಕ, ನ, ಹಲಂತ, ನ, ಡ ಅಂತ ಅದು ಬಿಡಿಸಿ ಎಣಿಸುತ್ತದೆ. ಡಿಸ್ಕ್‌ನಲ್ಲಿ ಹಿಡಿದ ಜಾಗ 15 ಬೈಟ್. ಅಂದರೆ 1 ಎಂಬಿ ಅಂತ ಹಾಕಿದ ಮಿತಿ ಇಂಗ್ಲಿಷ್‌ಗೆ 1 ಎಂಬಿ, ನಮಗೆ ಹತ್ತಿರ ಹತ್ತಿರ 3 ಎಂಬಿ. ಪುಣೆಯಲ್ಲಿ ಕೂತು ಮಾಡಿದ ಟೂಲ್ ಮರಾಠಿಯಲ್ಲೂ ಕನ್ನಡದಲ್ಲೂ ಸುಳ್ಳು ಹೇಳಿದರೆ ಅದು ಯಾರಿಗೆ ಬೇಕು? ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಬಫರ್‌ನ ಬೈಟ್‌ಲೆಂಗ್ತ್ ಬಳಸಿದರೆ ಸರಿಯಾದ ಲೆಕ್ಕ ಸಿಗುತ್ತದೆ. ಒಂದೇ ಪದದ ಬದಲಾವಣೆ.

ಇದೇ ಪೆಟ್ಟು ಬೇರೆ ಕಡೆಯೂ ಬೀಳುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಟೆಕ್ಸ್ಟ್ ಕಾಲಂಗೆ 65,535 ಬೈಟ್. ಕೇಳೋಕೆ ದೊಡ್ಡದು, ಆದರೆ ಕನ್ನಡದಲ್ಲಿ 21,845ಕ್ಕೆ ತುಂಬಿಹೋಗುತ್ತದೆ, ಅದರಲ್ಲೂ ಕೊಂಬು, ಗುಡಿಸು, ಹಲಂತ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಲಿನಕ್ಸ್‌ನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಫೈಲ್ ಹೆಸರಿಗೆ 255 ಬೈಟ್. ಕನ್ನಡ ಹೆಸರಾದರೆ 85 ಅಷ್ಟೇ. ಹಾಗಾಗಿ ಅಳತೆಯ ವಿಷಯದಲ್ಲಿ ಆಯ್ಕೆಯೇ ಇಲ್ಲ ಅಂತ ನನ್ನ ಅಭಿಪ್ರಾಯ: ಬೈಟ್‌ನಲ್ಲೇ ಎಣಿಸಿ. 1 ಎಂಬಿ ಅಂದರೆ 10,00,000 ಬೈಟಾ, 10,48,576ಆ ಅನ್ನೋದನ್ನೂ ಸಹಾಯ ಪುಟದಲ್ಲಿ ಬರೆದುಬಿಡಿ.

ಬರೀ ಎಚ್ಚರಿಕೆ ಕೊಡುವುದು

ಎಲ್ಲಕ್ಕಿಂತ ಅಗ್ಗದ ದಾರಿ. ಅರ್ಧ ತಾಸಿನ ಕೆಲಸ. ಫೈಲ್ ದೊಡ್ಡದಾದರೆ ಒಂದು ಸಾಲು ತೋರಿಸಿ, ಬರೆಯುವುದನ್ನು ಮುಂದುವರಿಸುತ್ತದೆ. ನೀವೇ ಕೂತು ಓಡಿಸುವ ಟೂಲ್ ಆದರೆ, ಡಿಸ್ಕ್‌ನಲ್ಲಿ ಜಾಗ ಇದ್ದರೆ, ಇಷ್ಟು ಸಾಕು. ಹಳೆಯ ಬಳಕೆದಾರರು ಇರುವ ಟೂಲ್‌ಗೆ ಹೊಸದಾಗಿ ಮಿತಿ ತರುವಾಗಲೂ ಮೊದಲ ಹೆಜ್ಜೆಯಾಗಿ ಇದು ಒಳ್ಳೆಯದು. ಒಂದೆರಡು ಆವೃತ್ತಿ ಎಚ್ಚರಿಕೆ ಕೊಟ್ಟು, ಆಮೇಲೆ ನಿಲ್ಲಿಸಲು ಶುರು ಮಾಡಬಹುದು.

ತಾನಾಗಿ ಓಡುವ ಪೈಪ್‌ಲೈನ್‌ನಲ್ಲಿ ಮಾತ್ರ ಇದನ್ನು ನಂಬಬೇಡಿ. ನೂರಾರು ಸಾಲಿನ ಲಾಗ್‌ನಲ್ಲಿ ಆ ಒಂದು ಸಾಲನ್ನು ಯಾರೂ ನೋಡೋದಿಲ್ಲ.

ಎರರ್ ಕೊಟ್ಟು ನಿಲ್ಲಿಸುವುದು

ಇದು ನನ್ನ ಡೀಫಾಲ್ಟ್. ಮಿತಿ ದಾಟಿದರೆ ಟೂಲ್ ನಿಲ್ಲುತ್ತದೆ, ಎಕ್ಸಿಟ್ ಕೋಡ್ ಸೊನ್ನೆ ಬಿಟ್ಟು ಬೇರೆ ಬರುತ್ತದೆ, ಬಿಲ್ಡ್ ಕೆಂಪಾಗುತ್ತದೆ. ಟೆಸ್ಟ್ ಸೇರಿ ಒಂದು ದಿನದ ಕೆಲಸ ಅಂತ ಅಂದಾಜು.

ಆದರೆ "ಫೈಲ್ ತುಂಬಾ ದೊಡ್ಡದು" ಅಂತ ಸುಮ್ನೆ ನಿಂತರೆ ಓಡಿಸಿದವರಿಗೆ ಅರ್ಧ ದಿನ ಹುಡುಕಾಟ. ಯಾವ ಫೈಲ್, ಮಿತಿ ಎಷ್ಟು, ಎಷ್ಟಕ್ಕೆ ನಿಂತಿತು, ಮಿತಿ ಏರಿಸಲು ಯಾವ ಫ್ಲ್ಯಾಗ್ (ಟೂಲ್ ಓಡಿಸುವಾಗ ಕೊಡುವ ಆಯ್ಕೆ), ಈ ನಾಲ್ಕೂ ಆ ಎರರ್‌ನಲ್ಲಿ ಇರಬೇಕು. ರಿವ್ಯೂನಲ್ಲಿ ನಾನು ಮೊದಲು ಓದೋದು ಎರರ್‌ನ ಪಠ್ಯವನ್ನೇ.

ಇನ್ನೊಂದು, ನಿಂತ ಮೇಲೆ ಅರ್ಧ ಬರೆದ ಫೈಲ್ ಏನಾಯಿತು? ಅದು ಅಲ್ಲೇ ಉಳಿದರೆ ಮುಂದಿನ ಹಂತ ಅದನ್ನೇ ಎತ್ತಿಕೊಂಡು ಹೋಗಬಹುದು. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ. ಪೂರ್ತಿಯಾದ ಮೇಲೆ ಅದೇ ಡಿಸ್ಕ್‌ನಲ್ಲಿ ನಿಜವಾದ ಹೆಸರಿಗೆ ಬದಲಿಸಿ. ಮಧ್ಯೆ ನಿಂತರೆ ತಾತ್ಕಾಲಿಕ ಫೈಲ್ ಅಳಿಸಿ. ಆಗ ಹಳೆಯ ಒಳ್ಳೆಯ ಫೈಲ್ ಕೂಡ ಹಾಳಾಗದೆ ಉಳಿಯುತ್ತದೆ.

ಇದರ ಕಷ್ಟವೂ ನಿಜ. ಶುಕ್ರವಾರ ಸಂಜೆ ಡೇಟಾ ಒಂದು ಚೂರು ಬೆಳೆದದ್ದಕ್ಕೆ ಇಡೀ ಬಿಲ್ಡ್ ನಿಂತರೆ ಬೇಜಾರಾಗುತ್ತದೆ. ಅದಕ್ಕೆ ಮಿತಿಯ 80 ಶೇಕಡ ಮುಟ್ಟಿದಾಗಲೇ ಎಚ್ಚರಿಕೆ ಶುರು ಮಾಡಿದರೆ ಆ ಸಂಜೆ ಬರುವ ಮೊದಲೇ ಗೊತ್ತಾಗುತ್ತದೆ.

ಮಿತಿಗೆ ಸರಿಯಾಗಿ ಕತ್ತರಿಸುವುದು

ಹುಡುಗ ಮಾಡಿದ್ದು ಇದನ್ನೇ. ಮಿತಿ ಬಂದ ಜಾಗದಲ್ಲಿ ಪಠ್ಯ ಕತ್ತರಿಸಿ, ಅಷ್ಟನ್ನೇ ಬರೆದು, ಯಶಸ್ವಿ ಅಂತ ಮುಗಿಸಿದ್ದ.

ಕತ್ತರಿಸುವ ಜಾಗದ ಕಷ್ಟವನ್ನು ಹತ್ತಿರದಿಂದ ನೋಡಿ. "ಅಕ್ಕಿ" ಅನ್ನುವ ಪದ ತೆಗೆದುಕೊಳ್ಳಿ. ಅ, ಕ, ಹಲಂತ, ಕ, ಗುಡಿಸು. ಒಟ್ಟು 15 ಬೈಟ್. 13ಕ್ಕೆ ಕತ್ತರಿಸಿದರೆ ಕೊನೆಯಲ್ಲಿ ಒಡೆದ ಬೈಟ್ ಉಳಿದು, ಪರದೆ ಮೇಲೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಾಣುತ್ತದೆ. ಅದಾದರೂ ಸರಿ, ಏನೋ ಎಡವಟ್ಟಾಗಿದೆ ಅಂತ ತಿಳಿಯುತ್ತದೆ. 12ಕ್ಕೆ ಕತ್ತರಿಸಿ ನೋಡಿ. "ಅಕ್ಕ" ಅಂತ ಬರುತ್ತದೆ! ಯುಟಿಎಫ್-8 ಪ್ರಕಾರ ಪೂರ್ತಿ ಸರಿಯಾದ ಪಠ್ಯ. ಯಾವ ತಪಾಸಣೆಯೂ ಇದನ್ನು ಹಿಡಿಯೋದಿಲ್ಲ. ರೇಷನ್ ಪಟ್ಟಿಯಲ್ಲಿದ್ದ ಅಕ್ಕಿ ಅಕ್ಕ ಆಗಿಹೋಗಿದೆ, ಅಷ್ಟೇ.

ನನಗೆ ಇದರ ಬಗ್ಗೆ ಇಷ್ಟು ಕಾಳಜಿ ಬರಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ, ಊರುಗಳ ಪಟ್ಟಿಯಿಂದ ಫೈಲ್ ತಯಾರಿಸುವ ಒಂದು ಸ್ಕ್ರಿಪ್ಟ್ ಇತ್ತು. ಅದರಲ್ಲೂ ಹೀಗೇ ಕತ್ತರಿ ಇತ್ತು, ಎಕ್ಸಿಟ್ ಕೋಡ್ ಸೊನ್ನೆ. ಪಟ್ಟಿ ಅಕಾರಾದಿಯಲ್ಲಿ ಜೋಡಿಸಿದ್ದು. ಡೇಟಾ ಬೆಳೆದ ದಿನ ಬಿದ್ದುಹೋದದ್ದು ಕೊನೆಯ ಊರುಗಳು: ಹಾವೇರಿ, ಹಿರೇಕೆರೂರು, ಹುಬ್ಬಳ್ಳಿ. ಫೈಲ್ ತೆರೆದು ನೋಡಿದರೆ ಮೊದಲ ನೂರು ಸಾಲು ಸರಿಯಾಗೇ ಇದ್ದವು. ಕೆಳಗಿನವರೆಗೆ ಯಾರು ಹೋಗುತ್ತಾರೆ? ನಾಲ್ಕು ದಿನ ಆದ ಮೇಲೆ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿ "ನಮ್ಮೂರೇ ಇಲ್ಲಲ್ರೀ ಇದ್ರಾಗ" ಅಂದರು. ಕತ್ತರಿ ಬೀಳುವುದು ಯಾವಾಗಲೂ ಪಟ್ಟಿಯ ಕೊನೆಗೇ. ಹಾಗಾಗಿ ಪ್ರತಿ ಸಲ ಅದೇ ಜನರಿಗೆ ನಷ್ಟ.

ದೊಡ್ಡ ಮಟ್ಟದಲ್ಲೂ ಇದು ಆಗಿದೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡ್‌ನ 15,841 ಕೋವಿಡ್ ಪಾಸಿಟಿವ್ ಪ್ರಕರಣಗಳು ಆಯಾ ದಿನದ ಲೆಕ್ಕಕ್ಕೆ ಸೇರಲಿಲ್ಲ. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಬಳಸುತ್ತಿದ್ದ ಹಳೆಯ ಎಕ್ಸೆಲ್ ಮಾದರಿಯಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯೋದಿಲ್ಲ, ಮಿಕ್ಕಿದ್ದು ಬಿಟ್ಟುಹೋಯಿತು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟು ದಿನ ತಡವಾಯಿತು.

ಹಾಗಂತ ಕತ್ತರಿಸಲೇಬಾರದು ಅಂತಲ್ಲ. ಲಾಗ್, ಮುನ್ನೋಟ, ಮಾದರಿ ಡೇಟಾ, ಇವಕ್ಕೆ ಇದೇ ಸರಿ. ಆಗಲೂ ಮೂರು ವಿಷಯ ರಿವ್ಯೂನಲ್ಲಿ ಕೇಳಿ. ಒಂದು ದಾಖಲೆ ಮುಗಿಯುವ ಜಾಗದಲ್ಲೇ ಕತ್ತರಿಸುತ್ತಿದೆಯಾ? ಕತ್ತರಿಸಿದ್ದೇನೆ, ಇಷ್ಟು ಸಾಲು ಬಿಟ್ಟಿದ್ದೇನೆ ಅಂತ ಫೈಲ್‌ನ ಒಳಗೇ ಬರೆಯುತ್ತದಾ? ಆ ಸೂಚನೆಯ ಬೈಟ್‌ಗಳು ಸೇರಿಯೂ ಫೈಲ್ ಮಿತಿಯೊಳಗೆ ಇರುತ್ತದಾ? ಮೂರನೆಯದನ್ನು ಬಹಳ ಜನ ಮರೆಯುತ್ತಾರೆ.

ತುಂಡು ಮಾಡಿ ಬರೆಯುವುದು

ಏನೂ ಕಳೆದುಹೋಗೋದಿಲ್ಲ, ಮಿತಿಯೂ ಉಳಿಯುತ್ತದೆ. ಕೇಳಿದ ತಕ್ಷಣ ಎಲ್ಲರಿಗೂ ಇಷ್ಟವಾಗುವುದು ಇದೇ. ಆದರೆ ಕೆಲಸ ಜಾಸ್ತಿ. ಸಿಎಸ್‌ವಿ ಆದರೆ ಪ್ರತಿ ತುಂಡಿಗೂ ಮೇಲಿನ ಹೆಸರುಗಳ ಸಾಲು ಮತ್ತೆ ಬರಬೇಕು. ಒಂದು ಸೆಲ್‌ನ ಒಳಗೇ ಎಂಟರ್ ಹೊಡೆದ ವಿಳಾಸ ಇದ್ದರೆ, ಸಾಲು ಮುರಿದ ಕಡೆಯೆಲ್ಲ ತುಂಡು ಮಾಡಿದರೆ ದಾಖಲೆ ಎರಡಾಗುತ್ತದೆ. ಇಡೀ ಜೇಸನ್ ಒಂದೇ ಅರೇ (ಒಂದೇ ಬ್ರ್ಯಾಕೆಟ್ ಒಳಗಿನ ಪಟ್ಟಿ) ಆಗಿದ್ದರೆ ಹಾಗೇ ಒಡೆಯೋಕೆ ಬರಲ್ಲ. ಸಾಲಿಗೊಂದು ದಾಖಲೆ ಇರುವ ಜೇಸನ್ ಲೈನ್ಸ್‌ಗೆ ಬದಲಿಸಿದರೆ ಸಲೀಸು. ತುಂಡುಗಳಿಗೆ 1, 2, 10 ಅಂತ ಹೆಸರಿಟ್ಟರೆ ಜೋಡಿಸುವಾಗ 10 ಬಂದು 2ಕ್ಕಿಂತ ಮೊದಲು ಕೂರುತ್ತದೆ. 001, 002 ಅಂತ ಇಡಿ.

ಇಷ್ಟು ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಒಂದೇ ದಾಖಲೆ ಮಿತಿಗಿಂತ ದೊಡ್ಡದಿದ್ದರೆ? ಅಲ್ಲಿ ಮತ್ತೆ ನಿಲ್ಲಿಸಲೇಬೇಕು. ಅಂದರೆ ತುಂಡು ಮಾಡುವ ಟೂಲ್‌ಗೂ ಒಳಗೆ ಎರರ್ ಕೊಡುವ ದಾರಿ ಬೇಕೇ ಬೇಕು. ಅದಕ್ಕೇ ನಾನು ಹೇಳೋದು, ಮೊದಲು ಅದನ್ನು ಬರೆಯಿರಿ, ತುಂಡು ಮಾಡುವುದನ್ನು ಆಮೇಲೆ ಅದರ ಮೇಲೆ ಕಟ್ಟಿ.

ಫೈಲ್ ಪಡೆಯುವ ಕಡೆಯವರಿಗೂ ಇದು ಖರ್ಚು. ಇಷ್ಟು ದಿನ ಒಂದು ಫೈಲ್ ತೆರೆಯುತ್ತಿದ್ದವರು ಈಗ ಎಷ್ಟು ತುಂಡು ಬಂದಿವೆ, ಎಲ್ಲ ಬಂದಿವೆಯಾ ಅಂತ ನೋಡಬೇಕು. ತುಂಡುಗಳ ಪಟ್ಟಿಯ ಒಂದು ಪುಟ್ಟ ಫೈಲ್ ಜೊತೆಗೆ ಕೊಟ್ಟರೆ ಅವರಿಗೆ ಉಪಕಾರ. ಎಲ್ಲ ಸೇರಿ ನಮ್ಮಂಥ ಭಾನುವಾರದ ತಂಡಕ್ಕೆ ಒಂದು ತಿಂಗಳ ಕೆಲಸ.

ಜಿಪ್ ಮಾಡುವುದರ ಬಗ್ಗೆ ಹೆಚ್ಚು ಹೇಳೋಕೆ ಇಲ್ಲ. ಪಠ್ಯದ ಫೈಲ್ ಚೆನ್ನಾಗಿ ಕುಗ್ಗುತ್ತದೆ, ಕ್ಲೌಡ್‌ನಲ್ಲಿ ಜಾಗದ ದುಡ್ಡೂ ಉಳಿಯುತ್ತದೆ. ಆದರೆ ನಾಳೆಯ ಡೇಟಾ ಎಷ್ಟಕ್ಕೆ ಕುಗ್ಗುತ್ತದೆ ಅಂತ ಇವತ್ತು ಹೇಳೋಕಾಗಲ್ಲ, ಬಿಚ್ಚಿದ ಮೇಲೆ ಎಕ್ಸೆಲ್‌ನ ಸಾಲಿನ ಮಿತಿ ಅಲ್ಲೇ ಇರುತ್ತದೆ. ಮಿತಿಯ ಬದಲಿಗೆ ಇದು ನಡೆಯೋದಿಲ್ಲ, ಮಿತಿಯ ಜೊತೆಗೆ ನಡೆಯುತ್ತದೆ.

ಯಾವಾಗ ಎಣಿಸಬೇಕು

ಬರೆಯುವ ಮೊದಲು ಎಣಿಸಬೇಕಾದರೆ ಇಡೀ ಪಠ್ಯ ಮೆಮೊರಿಯಲ್ಲಿ ಇರಬೇಕು. ಸಣ್ಣ ಫೈಲ್‌ಗೆ ತೊಂದರೆ ಇಲ್ಲ. ಆದರೆ ಈಗಿನ 64 ಬಿಟ್ ನೋಡ್‌ನಲ್ಲಿ ಒಂದು ಸ್ಟ್ರಿಂಗ್ (ಪಠ್ಯದ ತುಣುಕು) ಸುಮಾರು 53.7 ಕೋಟಿ ಅಕ್ಷರಕ್ಕಿಂತ ಬೆಳೆಯೋದಿಲ್ಲ, ನಿಮ್ಮ ಚೆಕ್ ಓಡುವ ಮೊದಲೇ ಟೂಲ್ ಬಿದ್ದುಹೋಗುತ್ತದೆ. ಬರೆದ ಮೇಲೆ ಎಣಿಸಿದರೆ ಅಷ್ಟರಲ್ಲಿ ಡಿಸ್ಕ್ ತುಂಬಿರಬಹುದು. ಬರೆಯುತ್ತಾ ಬರೆಯುತ್ತಾ ಬೈಟ್ ಎಣಿಸುತ್ತಾ ಹೋಗುವುದೇ ಒಳ್ಳೆಯದು. ಇಪ್ಪತ್ತು ಮೂವತ್ತು ಲೈನ್ ಕೋಡ್ ಜಾಸ್ತಿಯಾಗುತ್ತದೆ, ಪರವಾಗಿಲ್ಲ.

ಇನ್ನೊಂದು ಕಡೆ ಎಡವೋದು ಸುಲಭ. ಟೂಲ್ ನಾಲ್ಕು ಸಾವಿರ ಪುಟ ಬರೆಯುತ್ತದೆ ಅಂದುಕೊಳ್ಳಿ. ಪ್ರತಿ ಪುಟ 2 ಎಂಬಿ, ಪ್ರತಿಯೊಂದೂ ಮಿತಿಯೊಳಗೆ. ಒಟ್ಟು 8 ಜಿಬಿ! ಒಂದು ಫೈಲ್‌ಗೆ ಮಿತಿ ಇಟ್ಟರೆ ಸಾಲದು. ಒಟ್ಟು ಗಾತ್ರಕ್ಕೂ, ಫೈಲ್‌ಗಳ ಸಂಖ್ಯೆಗೂ ಇಡಿ. ತನ್ನನ್ನೇ ತಾನು ಸೇರಿಸಿಕೊಳ್ಳುವ ಟೆಂಪ್ಲೇಟ್ ಯಾರೋ ಬರೆದ ದಿನ ಈ ಒಟ್ಟು ಮಿತಿಯೇ ನಿಮ್ಮ ಮಶೀನ್ ಕಾಪಾಡೋದು. ಇದು ಬಗ್ ಹಿಡಿಯುವ ಮಿತಿ, ಫೈಲ್ ಹೋಗುವ ಜಾಗದ ಮಿತಿಯಲ್ಲ. ಎರಡನ್ನೂ ಒಂದೇ ಅಂಕಿಯಲ್ಲಿ ತುರುಕಬೇಡಿ.

ಫ್ಲ್ಯಾಗ್‌ಗೆ ಸೊನ್ನೆ ಕೊಟ್ಟರೆ ಏನರ್ಥ ಅಂತಲೂ ತೀರ್ಮಾನಿಸಿ. ಒಬ್ಬರಿಗೆ ಅದು "ಮಿತಿ ಇಲ್ಲ", ಇನ್ನೊಬ್ಬರಿಗೆ "ಏನೂ ಬರೆಯಬೇಡ". ಮಿತಿ ಬೇಡ ಅನ್ನೋಕೆ ಬೇರೆ ಪದವೇ ಇರಲಿ.

ನಿಮಗೆ ಯಾವುದು?

ಒಬ್ಬರೇ ಬಳಸುವ ಸ್ಕ್ರಿಪ್ಟ್, ಕೈಯಲ್ಲಿ ಒಂದು ಸಂಜೆ ಮಾತ್ರ ಇದೆ ಅಂದರೆ: ಬೈಟ್ ಲೆಕ್ಕ, ಎಚ್ಚರಿಕೆ, ಒಟ್ಟು ಗಾತ್ರಕ್ಕೆ ಒಂದು ದೊಡ್ಡ ಮಿತಿ. ಇಷ್ಟರಲ್ಲಿ ಮುಗಿಸಿ.

ಕಂಪನಿಯ ಬಿಲ್ಡ್‌ನಲ್ಲಿ ಓಡುವ ಟೂಲ್, ಔಟ್‌ಪುಟ್ ಗಿಟ್‌ಗೆ ಹೋಗುತ್ತದೆ ಅಂದರೆ ನಿಲ್ಲಿಸುವ ದಾರಿ ಬಿಟ್ಟು ಬೇರೆ ಯೋಚಿಸಬೇಡಿ. ಮಿತಿಯನ್ನು 50 ಎಂಬಿಗಿಂತ ಚೆನ್ನಾಗಿ ಕೆಳಗಿಡಿ, ಯಾಕಂದ್ರೆ ಗಿಟ್ ಪ್ರತಿ ಹಳೆಯ ಆವೃತ್ತಿಯನ್ನೂ ಇಟ್ಟುಕೊಳ್ಳುತ್ತದೆ. ನಾಳೆ ಫೈಲ್ ಅಳಿಸಿದರೂ ರೆಪೊ (ಕೋಡ್‌ನ ಇಡೀ ಸಂಗ್ರಹ) ಹಗುರಾಗೋದಿಲ್ಲ.

ಎಕ್ಸೆಲ್‌ನಲ್ಲಿ ತೆರೆಯುವ ಜನರಿಗೆ, ಸಂಘ ಸಂಸ್ಥೆಗಳಿಗೆ, ಶಾಲೆಗಳಿಗೆ ಡೇಟಾ ಕೊಡುತ್ತೀರಾ? ಡೇಟಾ ನಿಜವಾಗಿ ಬೆಳೆಯುತ್ತಿದೆಯಾ? ಹಾಗಿದ್ದರೆ ತುಂಡು ಮಾಡುವುದಕ್ಕೆ ಸಮಯ ಹಾಕಿ, ಆ ಶ್ರಮ ದಂಡವಾಗೋದಿಲ್ಲ. ಸಾಲಿನ ಲೆಕ್ಕವನ್ನೂ ಬೈಟ್ ಜೊತೆ ಇಟ್ಟುಕೊಳ್ಳಿ. ಬೆಳೆಯುತ್ತಿಲ್ಲ ಅಂದರೆ ನಿಲ್ಲಿಸುವುದೇ ಸಾಕು, ತುಂಡು ಮಾಡುವ ಕೋಡ್ ಸುಮ್ಮನೆ ಸಾಕಬೇಕಾಗುತ್ತದೆ.

ಲಾಗ್, ಮುನ್ನೋಟ ಮಾತ್ರ ಆದರೆ ಕತ್ತರಿಸಿ, ಸೂಚನೆ ಸಮೇತ. ಯಾವ ಗುಂಪಿಗೆ ಸೇರುತ್ತೀರಿ ಅಂತ ಗೊತ್ತಾಗದಿದ್ದರೆ ಎರರ್ ಕೊಟ್ಟು ನಿಲ್ಲಿಸಿ. ಅಲ್ಲಿಂದ ಬೇರೆ ಯಾವ ದಾರಿಗಾದರೂ ಆಮೇಲೆ ಹೋಗಬಹುದು, ಯಾರ ಡೇಟಾವೂ ಹೋಗಿರೋದಿಲ್ಲ.

ಟೆಸ್ಟ್‌ಗಳನ್ನು ಮಾತ್ರ ಬಿಡಬೇಡಿ. ಮಿತಿಗೆ ಸರಿಯಾಗಿ, ಒಂದು ಬೈಟ್ ಕಡಿಮೆ, ಒಂದು ಬೈಟ್ ಜಾಸ್ತಿ, ಮೂರೂ ಬೇಕು. ಡೇಟಾ ಇಂಗ್ಲಿಷ್‌ನದ್ದಷ್ಟೇ ಇದ್ದರೆ ನಾನು ಅಪ್ರೂವ್ ಮಾಡೋದಿಲ್ಲ.

ಹುಡುಗನ ಪುಲ್ ರಿಕ್ವೆಸ್ಟ್ (ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಮೂರನೇ ಭಾನುವಾರ ಮರ್ಜ್ ಆಯಿತು, ಅಂದರೆ ಟೂಲ್‌ಗೆ ಸೇರಿತು. ಹದಿನಾಲ್ಕು ಲೈನ್ ಹೋಗಿ 96 ಆಗಿತ್ತು, ಅರ್ಧಕ್ಕಿಂತ ಹೆಚ್ಚು ಟೆಸ್ಟ್‌ಗಳೇ. ಕೊನೆಯ ಟೆಸ್ಟ್‌ನ ಡೇಟಾ ಒಂದೇ ಸಾಲು, "25 ಕೆಜಿ, ಅಕ್ಕಿ". ಮಿತಿ ಆ ಸಾಲಿಗಿಂತ ಮೂರು ಬೈಟ್ ಕಡಿಮೆ. ಟೂಲ್ ನಿಲ್ಲಬೇಕು, ಎಕ್ಸಿಟ್ ಕೋಡ್ 1 ಬರಬೇಕು, ಫೋಲ್ಡರ್ ಖಾಲಿ ಇರಬೇಕು. ಆ ಟೆಸ್ಟ್‌ಗೆ ಅವನೇ ಹೆಸರಿಟ್ಟಿದ್ದಾನೆ: "ಅಕ್ಕಿ ಅಕ್ಕ ಆಗಬಾರದು".